ರುಡಾಲ್ಫ್ ಡೀಸೆಲ್

ಮಾಗಿಯ ದಿನಗಳಲ್ಲಿ ಚಿತ್ರದುರ್ಗದ ಸೀಮೆಯ ಹಗಲು ಎಷ್ಟು ಬಿಸಿಲೋ ಬೆಳಗಿನ ಜಾವ ಅಷ್ಟೇ ಚಳಿ. ಹಿರಿಯೂರಿನ ಹೆದ್ದಾರಿಯ ಬದಿಯಲ್ಲೋ, ಹೊಸದುರ್ಗದ ತೆಂಗಿನ ತೋಟದ ಮನೆಯ ಅಂಗಳದಲ್ಲೋ, ಹೊಳಲ್ಕೆರೆಯ ಅಡಕೆ ಮಂಡಿಯ ಮುಂದೋ ರಾತ್ರಿಯೆಲ್ಲ ಬಯಲಿನಲ್ಲಿ ನಿಂತ ಕಾರೊಂದನ್ನು ಹೊರಡಿಸಲು ಯಾರಾದರೊಬ್ಬರು ಹವಣಿಸುತ್ತಿರುವುದನ್ನು ಆ ಹೊತ್ತಿನಲ್ಲಿ ಕಾಣಬಹುದು. ಎಂಜಿನ್ನು ತಿರುಗುತ್ತದೆ, ಕೆಮ್ಮಿದಂತೆ ಸದ್ದು ಮಾಡುತ್ತದೆ, ಬಿಳಿಯ ಹೊಗೆಯನ್ನು ಉಗುಳಿ ನಾಲ್ಕು ಕ್ಷಣ ಓಡಿ ನಿಂತುಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದೇ ಯತ್ನಕ್ಕೆ ಹೊರಡುವ ಯಂತ್ರ ಮುಂಜಾನೆ ಹೀಗೇಕೆ ಹಟ ಹಿಡಿಯುತ್ತದೆ? ಇದಕ್ಕೆ ಉತ್ತರ ಬೇಕಾದರೆ ಆ ಯಂತ್ರದ ಹೊಟ್ಟೆಯಲ್ಲಿ ಬೆಂಕಿ ಹುಟ್ಟುವ ಬಗೆಯನ್ನು ತಿಳಿಯಬೇಕು. ಆ ಬಗೆಯನ್ನು ಕಂಡುಹಿಡಿದವನ ಹೆಸರನ್ನು ನಾವು ದಿನವೂ ಹೇಳುತ್ತೇವೆ. ಬಂಕಿನಲ್ಲಿ ತುಂಬಿಸುವ ಎಣ್ಣೆಗೆ ಅದೇ ಹೆಸರು. ಲಾರಿಯ ಎಂಜಿನ್ನಿಗೆ ಅದೇ ಹೆಸರು. ರೈಲನ್ನು ಎಳೆಯುವ ಯಂತ್ರಕ್ಕೂ ಅದೇ ಹೆಸರು. ಹೀಗೆ ಎಲ್ಲರ ನಾಲಿಗೆಯ ಮೇಲೆ ನಿಂತ ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂಬುದನ್ನು ಬಹುಮಂದಿ ಅರಿಯರು.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ನೆಯ ಇಸವಿ ಮಾರ್ಚ್ 18ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ತಂದೆತಾಯಿಗಳು ಜರ್ಮನಿಯಿಂದ ಬಂದು ನೆಲಸಿದವರು. ತಂದೆ ಥಿಯೋಡೋರ್ ಔಗ್ಸ್‌ಬರ್ಗ್ ಪಟ್ಟಣದವನು. ಪುಸ್ತಕ ಕಟ್ಟುವ ಕಸುಬನ್ನು ಕಲಿತು, ಪ್ಯಾರಿಸಿನಲ್ಲಿ ಚರ್ಮದ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದನು. ತಾಯಿ ಎಲಿಸ್ ನ್ಯೂರೆಂಬರ್ಗಿನವಳು. ಕುಟುಂಬದ ಸ್ಥಿತಿ ಸಾಧಾರಣವಾಗಿತ್ತು. ಬಾಲಕ ರುಡಾಲ್ಫ್ ತಂದೆಯ ಕಾರ್ಖಾನೆಯಲ್ಲಿ ಕೈಲಾದ ಕೆಲಸ ಮಾಡಿ, ಸಿದ್ಧವಾದ ಸಾಮಾನನ್ನು ತಳ್ಳುಗಾಡಿಯಲ್ಲಿ ಗಿರಾಕಿಗಳಿಗೆ ಮುಟ್ಟಿಸಿ ಬರುತ್ತಿದ್ದನು. ಬಿಡುವು ದೊರೆತಾಗ ಅವನ ಕಾಲು ನಗರದ ಯಂತ್ರಕಲೆಗಳ ವಸ್ತುಸಂಗ್ರಹಾಲಯದತ್ತ ತಿರುಗುತ್ತಿತ್ತು. ಅಲ್ಲಿ ಕ್ಯೂನ್ಯೋ ಎಂಬವನು ಹದಿನೆಂಟನೆಯ ಶತಮಾನದಲ್ಲಿ ರಚಿಸಿದ ಉಗಿಬಂಡಿಯನ್ನು ಇರಿಸಿದ್ದರು. ಅಂಥ ಯಂತ್ರಗಳ ಮುಂದೆ ನಿಂತು ಅವುಗಳ ಚಿತ್ರ ಬರೆದುಕೊಳ್ಳುವುದು ಆ ಹುಡುಗನ ಆಟವಾಗಿತ್ತು.

ಅವನಿಗೆ ಹನ್ನೆರಡು ವರ್ಷ ತುಂಬಿದ 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹೊತ್ತಿಕೊಂಡಿತು. ಪ್ಯಾರಿಸಿನಲ್ಲಿದ್ದ ಜರ್ಮನರೆಲ್ಲ ಊರು ಬಿಡಬೇಕಾಯಿತು. ಕಟ್ಟಿಕೊಂಡ ಬದುಕನ್ನು ಅಲ್ಲೇ ಬಿಟ್ಟು ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಪರದೇಶದಲ್ಲಿ ಕೆಲಸವಿಲ್ಲ, ಹೊಟ್ಟೆ ತುಂಬುವುದು ದುಸ್ತರ. ಮಗನ ಓದು ಕೆಡಬಾರದೆಂದು ತಾಯಿ ಅವನನ್ನು ಔಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಲು ನಿಶ್ಚಯಿಸಿದಳು. ಯುದ್ಧದ ಗೊಂದಲದ ನಡುವೆ ಆ ಹುಡುಗನು ಹೆತ್ತವರನ್ನಗಲಿ ದೂರದ ಊರನ್ನು ಸೇರಿದನು. ಅಲ್ಲಿ ಕ್ರಿಸ್ಟೋಫ್ ಬಾರ್ನಿಕೆಲ್ ಎಂಬ ಗಣಿತದ ಉಪಾಧ್ಯಾಯನು ಅವನಿಗೆ ಆಶ್ರಯವಿತ್ತನು. ಓದುವ ಶಾಲೆಯಲ್ಲಿಯೂ ಅವನೇ ಗುರು, ಉಣ್ಣುವ ಮನೆಯಲ್ಲಿಯೂ ಅವನೇ ಪೋಷಕ. ತಂದೆತಾಯಿಗಳ ಅಗಲಿಕೆಯಿಂದ ಮುದುಡಬಹುದಾಗಿದ್ದ ಮನಸ್ಸು ಆ ಮನೆಯ ಶಿಸ್ತು ಪ್ರೀತಿಗಳಲ್ಲಿ ಅರಳಿತು. ತಾನು ಯಂತ್ರಶಿಲ್ಪಿಯಾಗುವೆನೆಂದು ರುಡಾಲ್ಫನು ಅಲ್ಲಿಯೇ ಸಂಕಲ್ಪಿಸಿದನು. 1873ರಲ್ಲಿ ತರಗತಿಗೇ ಮೊದಲಿಗನಾಗಿ ಶಾಲೆಯ ಓದನ್ನು ಮುಗಿಸಿದನು.

ಆ ಶಾಲೆಯಲ್ಲಿದ್ದ ಉಪಕರಣಗಳಲ್ಲಿ ಒಂದು ಅವನ ಬುದ್ಧಿಯನ್ನು ಸೆಳೆಯಿತು. ಅದೊಂದು ಗಾಜಿನ ಕೊಳವೆ. ಅದರೊಳಗೆ ಬಿಗಿಯಾಗಿ ಕೂರುವ ಒಂದು ಆಡುಕೋಲು. ಕೊಳವೆಯ ತಳದಲ್ಲಿ ಬೇಗ ಹೊತ್ತುವ ಚೂರೊಂದನ್ನಿಟ್ಟು ಕೋಲನ್ನು ಫಕ್ಕನೆ ಒತ್ತಿದರೆ ಆ ಚೂರು ತಾನೇ ಹೊತ್ತಿಕೊಳ್ಳುತ್ತಿತ್ತು. ಕಡ್ಡಿ ಗೀರಿದವರಿಲ್ಲ, ಕಿಡಿ ಹಾರಿಸಿದವರಿಲ್ಲ. ಆದರೂ ಬೆಂಕಿ ಹುಟ್ಟಿತು. ಗಾಳಿಯನ್ನು ಥಟ್ಟನೆ ಹಿಂಡಿದಾಗ ಅದು ಬಿಸಿಯಾಗುತ್ತದೆ. ಹಿಂಡುವ ವೇಗವೂ ಒತ್ತಡವೂ ಸಾಕಷ್ಟಿದ್ದರೆ ಬೆಂಕಿ ಹೊತ್ತುವಷ್ಟು ಬಿಸಿಯಾಗುತ್ತದೆ. ಸೈಕಲ್ಲಿಗೆ ಪಂಪು ಹೊಡೆದು ಮುಗಿಸಿದ ಮೇಲೆ ಪಂಪಿನ ತುದಿಯನ್ನು ಮುಟ್ಟಿದವರಿಗೆ ಈ ಸಂಗತಿ ಹೊಸದಲ್ಲ. ಆಗ್ನೇಯ ಏಷ್ಯದ ಜನರು ಇದೇ ತತ್ತ್ವದ ಬೆಂಕಿಗೊಳವೆಗಳನ್ನು ಹಿಂದಿನಿಂದಲೂ ಬಳಸುತ್ತಿದ್ದರು.

ಮನೆಯವರಿಗೆ ಮಗ ಬೇಗ ದುಡಿಮೆಗೆ ನಿಲ್ಲಲೆಂಬ ಆಸೆಯಿತ್ತು. ಆದರೆ 1875ರಲ್ಲಿ ಮ್ಯೂನಿಕ್ ನಗರದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿವೇತನ ದೊರೆತುದರಿಂದ ರುಡಾಲ್ಫನು ಓದನ್ನು ಮುಂದುವರಿಸಿದನು. ಶೈತ್ಯಯಂತ್ರಗಳ ತಜ್ಞನೆಂದು ಹೆಸರಾದ ಕಾರ್ಲ್ ಫಾನ್ ಲಿಂಡೆ ಅಲ್ಲಿ ಅವನ ಪ್ರಾಧ್ಯಾಪಕನಾಗಿದ್ದನು. 1878ರಲ್ಲಿ ಒಂದು ದಿನ ಲಿಂಡೆ ಉಗಿಯಂತ್ರದ ದುಂದುಗಾರಿಕೆಯನ್ನು ಕುರಿತು ಪಾಠ ಹೇಳಿದನು. ಕಲ್ಲಿದ್ದಲಿನಲ್ಲಿ ಅಡಗಿರುವ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನು ಕೆಲಸವಾಗಿ ಪರಿವರ್ತಿಸುವುದೂ ಅಂದಿನ ಉಗಿಯಂತ್ರಕ್ಕೆ ಪ್ರಯಾಸದ ಮಾತಾಗಿತ್ತು. ಉಳಿದುದೆಲ್ಲ ಚಿಮಣಿಯ ಪಾಲು. ಫ್ರಾನ್ಸಿನ ಕಾರ್ನೋ ಎಂಬ ವಿದ್ವಾಂಸನು 1824ರಲ್ಲಿಯೇ ಶಾಖವನ್ನು ಅತ್ಯಧಿಕವಾಗಿ ಕೆಲಸಕ್ಕೆ ತಿರುಗಿಸುವ ಆದರ್ಶ ಯಂತ್ರದ ತತ್ತ್ವವನ್ನು ವಿವರಿಸಿದ್ದನು. ಅಂಥದನ್ನು ಕಟ್ಟಿ ತೋರಿಸಲು ಸಾಧ್ಯವೇ ಎಂದು ಪರಿಶೀಲಿಸಬೇಕೆಂದು ಆ ಇಪ್ಪತ್ತು ವರ್ಷದ ತರುಣನು ತನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡನು. ಆ ಒಂದು ಸಾಲಿನ ಹಿಂದೆ ಅವನ ಇಡೀ ಬಾಳು ನಡೆಯಿತು.

ವಿಷಮಶೀತಜ್ವರದಿಂದ ಮಲಗಿ ಪರೀಕ್ಷೆ ತಪ್ಪಿಸಿಕೊಂಡ ಡೀಸೆಲನು, ಆ ಅವಧಿಯನ್ನು ವ್ಯರ್ಥ ಮಾಡದೆ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತನು. 1880ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಗುರುವಿನ ಮಂಜುಗಡ್ಡೆಯ ಯಂತ್ರಗಳ ಕೆಲಸಕ್ಕಾಗಿ ಪ್ಯಾರಿಸಿಗೆ ಮರಳಿದನು. 1883ರಲ್ಲಿ ಮಾರ್ಥಾ ಫ್ಲಾಶೆ ಎಂಬವಳನ್ನು ವಿವಾಹವಾದನು, ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆ ಮಾಡುವ ಕೆಲಸ, ಬಿಡುವಿನಲ್ಲಿ ಹೊಸ ಎಂಜಿನ್ನಿನ ಚಿಂತನೆ. ಈ ಚಿಂತನೆಯ ಹಿಂದೆ ಬರಿಯ ವಿದ್ಯೆಯ ಹಸಿವು ಮಾತ್ರ ಇರಲಿಲ್ಲ. ದೊಡ್ಡ ಉಗಿಯಂತ್ರವನ್ನು ಕೊಳ್ಳಬಲ್ಲವರು ದೊಡ್ಡ ಬಂಡವಾಳಗಾರರು ಮಾತ್ರ. ಅವರೆದುರು ತನ್ನ ತಂದೆಯಂಥ ಸಣ್ಣ ಕುಶಲಕರ್ಮಿಗಳು ಸೋತು ನೆಲಕಚ್ಚುತ್ತಿದ್ದರು. ಬಡಗಿ, ನೇಕಾರ, ಕಮ್ಮಾರರು ತಮ್ಮ ಮನೆಯಲ್ಲಿಯೇ ಇರಿಸಿಕೊಳ್ಳಬಹುದಾದ ಅಗ್ಗದ ಚಾಲಕಶಕ್ತಿಯೊಂದು ದೊರೆತರೆ ಅವರ ಬದುಕು ಹಸನಾಗುವುದೆಂದು ಡೀಸೆಲನು ನಂಬಿದ್ದನು.

1890ರಲ್ಲಿ ಅವನು ಬರ್ಲಿನ್ನಿಗೆ ಬಂದನು. 1892ರಲ್ಲಿ ತನ್ನ ಎಂಜಿನ್ನಿನ ತತ್ತ್ವಕ್ಕೆ ಪೇಟೆಂಟು ಕೋರಿ, ಮರುವರ್ಷ ಅದನ್ನು ಕುರಿತು ಒಂದು ಗ್ರಂಥವನ್ನೂ ಪ್ರಕಟಿಸಿದನು. ತತ್ತ್ವ ಸರಳವಾದುದು. ಅಂದಿನ ಇತರ ಎಂಜಿನ್ನುಗಳಲ್ಲಿ ಇಂಧನವನ್ನೂ ಗಾಳಿಯನ್ನೂ ಬೆರಸಿ, ಬಳಿಕ ಜ್ವಾಲೆಯಿಂದಲೋ ಕಿಡಿಯಿಂದಲೋ ಹೊತ್ತಿಸುತ್ತಿದ್ದರು. ಡೀಸೆಲನ ಯಂತ್ರದಲ್ಲಿ ಸಿಲಿಂಡರಿನೊಳಗೆ ಬರುವುದು ಬರಿಯ ಗಾಳಿ. ಪಿಸ್ಟನ್ನು ಅದನ್ನು ಬಲವಾಗಿ ಹಿಂಡುತ್ತದೆ. ಗಾಳಿ ಕೆಂಡದಂತೆ ಕಾಯುತ್ತದೆ. ಆ ಕ್ಷಣದಲ್ಲಿ ಇಂಧನವನ್ನು ಒಳಕ್ಕೆ ಬಿಟ್ಟರೆ ಅದು ತಾನಾಗಿಯೇ ಉರಿದು ಪಿಸ್ಟನ್ನನ್ನು ಕೆಳಕ್ಕೆ ದೂಡುತ್ತದೆ. ಔಗ್ಸ್‌ಬರ್ಗಿನ ಶಾಲೆಯ ಗಾಜಿನ ಕೊಳವೆಯ ಕೆಲಸವೇ ಇಲ್ಲಿ ಉಕ್ಕಿನ ರೂಪ ತಾಳಿತು. ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಶ್ ಫಾನ್ ಬುಜ್ ಮೊದಲು ಹಿಂಜರಿದರೂ ಕಡೆಗೆ ಪ್ರಯೋಗಕ್ಕೆ ಒಪ್ಪಿದನು. ಕ್ರುಪ್ ಸಂಸ್ಥೆಯೂ ಕೈಜೋಡಿಸಿತು.

ಆದರೆ ಕಾಗದದ ಮೇಲೆ ಓಡುವ ಯಂತ್ರವೇ ಬೇರೆ, ನೆಲದ ಮೇಲೆ ಓಡುವ ಯಂತ್ರವೇ ಬೇರೆ. 1893ರ ಆಗಸ್ಟ್ 10ರಂದು ಮೊದಲ ಯಂತ್ರವನ್ನು ಪಟ್ಟಿ ಹಾಕಿ ಕಾರ್ಖಾನೆಯ ಶಕ್ತಿಯಿಂದ ತಿರುಗಿಸಿ, ಪೆಟ್ರೋಲನ್ನು ಒಳಕ್ಕೆ ಬಿಟ್ಟರು. ಬೆಂಕಿಯೇನೋ ಹೊತ್ತಿತು, ಆದರೆ ಒತ್ತಡ ವಾಯುಭಾರದ ಸುಮಾರು ಎಂಬತ್ತು ಪಟ್ಟು ಏರಿ, ಒತ್ತಡವನ್ನಳೆಯುವ ಉಪಕರಣವೇ ಸಿಡಿದುಹೋಯಿತು. ಡೀಸೆಲನು ಕೂದಲೆಳೆಯಷ್ಟರಲ್ಲಿ ಪಾರಾದನು. ಯಂತ್ರ ತನ್ನ ಬಲದಿಂದ ಒಂದು ಸುತ್ತೂ ತಿರುಗಲಿಲ್ಲ. ನೋಡಿದವರಿಗೆ ಅದು ಸೋಲು. ಡೀಸೆಲನಿಗೆ ಮಾತ್ರ ಅದರಲ್ಲಿ ಒಂದು ಗೆಲುವು ಕಂಡಿತು: ಹಿಂಡಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತುವುದು ನಿಶ್ಚಯವಾಯಿತು. ಉಳಿದುದು ದೋಷಗಳನ್ನು ಹುಡುಕಿ ತೆಗೆಯುವ ಕೆಲಸ.

ಮುಂದಿನ ನಾಲ್ಕು ವರ್ಷಗಳ ಅವನ ದುಡಿಮೆಯನ್ನು ವೈದ್ಯನೊಬ್ಬನು ರೋಗಿಯ ಬಳಿ ಕುಳಿತು ಮಾಡುವ ಶುಶ್ರೂಷೆಗೆ ಹೋಲಿಸಬಹುದು. ಪ್ರತಿಯೊಂದು ಪ್ರಯೋಗವನ್ನೂ ದಿನಚರಿಯಲ್ಲಿ ಬರೆದಿಟ್ಟನು. ಪಿಸ್ಟನ್ನಿನ ಒಂದೊಂದು ನಡೆಗೂ ಸಿಲಿಂಡರಿನೊಳಗಿನ ಒತ್ತಡ ಹೇಗೆ ಏರಿಳಿಯುತ್ತದೆಂಬುದನ್ನು ಗೆರೆಯ ಚಿತ್ರವಾಗಿ ಪಡೆದು, ನಾಡಿ ನೋಡುವಂತೆ ಅದನ್ನು ಪರೀಕ್ಷಿಸಿದನು. ಗಾಳಿ ಎಲ್ಲಿಯಾದರೂ ಸೋರುತ್ತಿದೆಯೆ? ಇಂಧನ ಬೇಕಾದ ಕ್ಷಣಕ್ಕೆ ಬರುತ್ತಿದೆಯೆ? ಬಂದ ಇಂಧನ ಹನಿಯಾಗಿ ಬೀಳುತ್ತಿದೆಯೋ ತುಂತುರಾಗಿ ಹರಡುತ್ತಿದೆಯೋ? ಹೀಗೆ ಒಂದೊಂದೇ ಪ್ರಶ್ನೆಯನ್ನು ಯಂತ್ರದ ಮುಂದಿಟ್ಟು ಉತ್ತರ ಕೇಳಿದನು. ತನ್ನ ಗ್ರಂಥದಲ್ಲಿ ಬರೆದುದಕ್ಕೆ ಯಂತ್ರ ಒಪ್ಪದಿದ್ದಾಗ ಗ್ರಂಥವನ್ನು ಬಿಟ್ಟನೇ ಹೊರತು ಯಂತ್ರದೊಡನೆ ವಾದಕ್ಕೆ ನಿಲ್ಲಲಿಲ್ಲ. ಕಲ್ಲಿದ್ದಲ ಪುಡಿಯನ್ನು ಉರಿಸಬೇಕೆಂಬ ಅಭಿಲಾಷೆಯನ್ನು ತೊರೆದನು. ಪೆಟ್ರೋಲು ಬೇಗ ಹೊತ್ತುವುದೆಂಬ ಊಹೆ ಹುಸಿಯಾದಾಗ ಸೀಮೆಎಣ್ಣೆಯನ್ನು ಹಿಡಿದನು. ಮೊದಲ ಯಂತ್ರಕ್ಕೆ ನೀರಿನಿಂದ ತಂಪು ಮಾಡುವ ಏರ್ಪಾಟು ಇರಲಿಲ್ಲ. ಅದು ಬೇಕೆಂದು ಮನಗಂಡು ಸೇರಿಸಿದನು. ಇಂಧನವನ್ನು ನೇರವಾಗಿ ನುಗ್ಗಿಸುವುದು ಅಂದಿನ ಪಂಪುಗಳಿಂದ ಆಗದೆ ಹೋದಾಗ ಒತ್ತಿದ ಗಾಳಿಯ ನೆರವಿನಿಂದ ಅದನ್ನು ಊದಿಸಿದನು.

1894ರ ಫೆಬ್ರವರಿ 17ರ ಒಂದು ಪ್ರಸಂಗವಿದೆ. ಎಂದಿನಂತೆ ಯಂತ್ರವನ್ನು ಕಾರ್ಖಾನೆಯ ಪಟ್ಟಿಯೇ ತಿರುಗಿಸುತ್ತಿತ್ತು. ಲಿಂಡರ್ ಎಂಬ ಕೆಲಸಗಾರನ ಕಣ್ಣು ಆ ಪಟ್ಟಿಯ ಮೇಲೆ ಬಿತ್ತು. ಇದುವರೆಗೆ ಯಂತ್ರವನ್ನು ಎಳೆಯುತ್ತಿದ್ದ ಪಟ್ಟಿಯನ್ನು ಈಗ ಯಂತ್ರವೇ ಎಳೆಯುತ್ತಿರುವಂತೆ ಕಂಡಿತು. ಎಂಜಿನ್ನು ತನ್ನ ಬಲದಿಂದಲೇ ಓಡುತ್ತಿದೆಯೆಂಬುದನ್ನು ಮೊದಲು ಅರಿತವನು ಆ ಸಾಮಾನ್ಯ ಕೆಲಸಗಾರ. ಅವನು ಬಾಯಿಂದ ಏನೂ ಹೇಳದೆ ತಲೆಯ ಟೋಪಿಯನ್ನು ತೆಗೆದು ಗೌರವದಿಂದ ನಿಂತನು. ಯಂತ್ರ ಓಡಿದ್ದು ಒಂದೇ ನಿಮಿಷ. ನಿಮಿಷಕ್ಕೆ 88 ಸುತ್ತಿನ ವೇಗ. ಬಳಿಕ ನಿಂತುಹೋಯಿತು. ಹೊತ್ತಿ ನಿಲ್ಲುವ ಎಂಜಿನ್ನಿನ ಕಷ್ಟವನ್ನು ಅದನ್ನು ಕಂಡುಹಿಡಿದವನಷ್ಟು ದೀರ್ಘಕಾಲ ಅನುಭವಿಸಿದವರು ವಿರಳ.

ಕಡೆಗೆ 1897ರ ಫೆಬ್ರವರಿಯಲ್ಲಿ ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಷ್ರೋಟರ್ ಹೊಸ ಯಂತ್ರವನ್ನು ಪರೀಕ್ಷೆಗೊಳಪಡಿಸಿದನು. ಸೀಮೆಎಣ್ಣೆಯ ಶಾಖದಲ್ಲಿ ನೂರಕ್ಕೆ 26.2 ಭಾಗವನ್ನು ಅದು ಕೆಲಸವಾಗಿ ತಿರುಗಿಸಿತು. ಸುಮಾರು ಇಪ್ಪತ್ತು ಕುದುರೆಬಲದ, ಆಳೆತ್ತರಕ್ಕೂ ಮೀರಿದ ಆ ಯಂತ್ರದ ಮುಂದೆ ಅಂದಿನ ಯಾವ ಶಾಖಯಂತ್ರವೂ ನಿಲ್ಲಲಾರದಾಯಿತು. ಒಂದು ಮಣ ಇಂಧನಕ್ಕೆ ಎರಡು ಮೂರು ಮಣದ ಕೆಲಸ ಸಿಕ್ಕಿದಂತಾಯಿತು.

ಈ ಕಥೆಯನ್ನು ತಿಳಿದ ಮೇಲೆ ಚಳಿಯ ಮುಂಜಾನೆಯ ಸಮಸ್ಯೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ತಿನ ಕಿಡಿ ಬೆಂಕಿಯನ್ನು ಕೊಡುತ್ತದೆ. ಡೀಸೆಲ್ ಎಂಜಿನ್ನಿಗೆ ಹಾಗೆ ಕೊಡುವವರಿಲ್ಲ; ಹಿಂಡಿದ ಗಾಳಿಯ ಶಾಖವೇ ಅದರ ಕಿಡಿ. ಒಳ್ಳೆಯ ಸ್ಥಿತಿಯಲ್ಲಿ ಆ ಗಾಳಿ ಐನೂರು ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾಯುತ್ತದೆ. ಆದರೆ ರಾತ್ರಿಯೆಲ್ಲ ತಣ್ಣಗಾದ ಸಿಲಿಂಡರಿನ ಗೋಡೆಗಳು ಆ ಶಾಖವನ್ನು ಹೀರಿಬಿಡುತ್ತವೆ. ಚಳಿಗೆ ದಪ್ಪಗಾದ ಎಣ್ಣೆ ಎಂಜಿನ್ನನ್ನು ಮೆಲ್ಲಗೆ ತಿರುಗುವಂತೆ ಮಾಡುತ್ತದೆ. ಬ್ಯಾಟರಿಯೂ ಚಳಿಗೆ ನಿಶ್ಶಕ್ತವಾಗಿರುತ್ತದೆ. ಮೆಲ್ಲಗೆ ಹಿಂಡಿದ ಗಾಳಿ ಸವೆದ ರಿಂಗುಗಳ ಪಕ್ಕದಲ್ಲಿ ಸೋರಿಹೋಗಲು ಕಾಲಾವಕಾಶ ದೊರೆಯುತ್ತದೆ. ಹೀಗೆ ಬೆಂಕಿ ಹುಟ್ಟಲು ಬೇಕಾದ ಶಾಖ ಕೂಡಿಬರುವುದಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಅನೇಕ ಡೀಸೆಲ್ ಕಾರುಗಳ ಸಿಲಿಂಡರುಗಳಲ್ಲಿ ಗ್ಲೋ ಪ್ಲಗ್ ಎಂಬ ಪುಟ್ಟ ಕಾವುಕಡ್ಡಿಯನ್ನು ಇರಿಸುತ್ತಾರೆ. ಕೀಲಿ ತಿರುಗಿಸಿದೊಡನೆ ಮುಂದಿನ ಹಲಗೆಯಲ್ಲಿ ಸುರುಳಿಯಾಕಾರದ ದೀಪ ಬೆಳಗಿ ಆರುವವರೆಗೆ ಕಾಯಬೇಕೆನ್ನುವುದು ಆ ಕಡ್ಡಿ ಕಾಯಲೆಂದೇ.

ಅನುಭವಿಯಾದ ಮೆಕ್ಯಾನಿಕ್ಕನು ಇಂಥ ಕಾರು ಬಂದಾಗ ಮೊದಲು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ನೋಡುತ್ತಾನೆ, ಕೇಳುತ್ತಾನೆ. ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತಿದ್ದರೆ ಇಂಧನ ಒಳಗೆ ಬಂದಿದೆ, ಆದರೆ ಉರಿಯುತ್ತಿಲ್ಲವೆಂದು ಅರ್ಥ; ಕೊರತೆ ಶಾಖದ್ದು. ಆಗ ಬ್ಯಾಟರಿಯನ್ನು ಪರೀಕ್ಷಿಸುತ್ತಾನೆ. ಕಾವುಕಡ್ಡಿಗಳನ್ನು ಒಂದೊಂದಾಗಿ ನೋಡುತ್ತಾನೆ. ಅವು ಸರಿಯಿದ್ದರೆ ಕಂಪ್ರೆಷನ್ನನ್ನು, ಎಂದರೆ ಗಾಳಿಯ ಬಿಗಿಯನ್ನು ಅಳೆಯುತ್ತಾನೆ. ಹೊಗೆಯೇ ಬಾರದಿದ್ದರೆ ಇಂಧನವೇ ಬಂದಿಲ್ಲವೆಂದು ತಿಳಿದು ಫಿಲ್ಟರಿನತ್ತ, ಪೈಪುಗಳತ್ತ ತಿರುಗುತ್ತಾನೆ. ಎಂಜಿನ್ನು ಹೊರಟು ನಾಲ್ಕು ಕ್ಷಣದಲ್ಲಿ ನಿಲ್ಲುತ್ತಿದ್ದರೆ, ರಾತ್ರಿಯಲ್ಲಿ ಪೈಪಿನ ಸಡಿಲವಾದ ಸಂದಿನಿಂದ ಗಾಳಿ ಹೊಕ್ಕು ಇಂಧನ ಟ್ಯಾಂಕಿಗೆ ಹಿಂದಿರುಗಿರಬಹುದು. ಪಂಪಿನಲ್ಲಿ ಉಳಿದಿದ್ದ ಸ್ವಲ್ಪ ಇಂಧನ ಉರಿದು ಮುಗಿದೊಡನೆ ಗಾಳಿಯ ಗುಳ್ಳೆ ಬಂದು ಎಂಜಿನ್ನು ಉಸಿರುಗಟ್ಟುತ್ತದೆ. ಏರ್ ಹಿಡಿದಿದೆಯೆಂದು ನಮ್ಮ ಗ್ಯಾರೇಜುಗಳಲ್ಲಿ ಹೇಳುವುದು ಇದನ್ನೇ. ಹಿಮ ಬೀಳುವ ದೇಶಗಳಲ್ಲಿ ಡೀಸೆಲ್ ಎಣ್ಣೆಯೇ ಮೇಣದಂತೆ ಕಟ್ಟಿಕೊಳ್ಳುವುದುಂಟು. ಚಿತ್ರದುರ್ಗದ ಚಳಿಗೆ ಆ ಶಕ್ತಿಯಿಲ್ಲವಾದ್ದರಿಂದ ಇಲ್ಲಿ ಆ ಸಂಶಯ ಪಡಬೇಕಾಗಿಲ್ಲ. ಇತ್ತೀಚಿನ ಕಾರುಗಳಲ್ಲಿ ಶಾಖವನ್ನರಿಯುವ ವಿದ್ಯುನ್ಮಾನ ಉಪಕರಣವೇ ಕೆಟ್ಟು, ತಣ್ಣಗಿರುವ ಎಂಜಿನ್ನನ್ನು ಬಿಸಿಯಾಗಿದೆಯೆಂದು ತಿಳಿಸುವುದೂ ಉಂಟು. ಮೊದಲು ಲಕ್ಷಣ, ಬಳಿಕ ಕಾರಣ, ಕಡೆಗೆ ಚಿಕಿತ್ಸೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ. ಔಗ್ಸ್‌ಬರ್ಗಿನ ದಿನಚರಿಯಲ್ಲಿ ಒಂದೊಂದೇ ದೋಷವನ್ನು ಬೆನ್ನಟ್ಟಿದವನ ದಾರಿಯೂ ಇದೇ.

ಯಂತ್ರದ ರೋಗಗಳನ್ನು ಅಷ್ಟು ಚೆನ್ನಾಗಿ ಅರಿತ ಡೀಸೆಲನು ಲೋಕವ್ಯವಹಾರದಲ್ಲಿ ಮಾತ್ರ ಎಡವಿದನು. 1897ರ ಯಶಸ್ಸಿನ ಬೆನ್ನಲ್ಲೇ ಹಣವೂ ಕೀರ್ತಿಯೂ ಹರಿದುಬಂದವು. ಅಮೆರಿಕದ ಉದ್ಯಮಿ ಅಡಾಲ್ಫಸ್ ಬುಷ್ ಆ ದೇಶದ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕುಗಳನ್ನು ಕೊಟ್ಟನು. ಆದರೆ ಪರಿಣತರ ಕೈಯಲ್ಲಿ ಓಡಿದ ಯಂತ್ರ ಗಿರಾಕಿಗಳ ಕೈಯಲ್ಲಿ ಓಡದಾಯಿತು. 1898ರಲ್ಲಿ ಕೆಂಪ್ಟನ್ ಪಟ್ಟಣದ ಬೆಂಕಿಕಡ್ಡಿ ಕಾರ್ಖಾನೆಗೆ ಕೊಟ್ಟ ಯಂತ್ರ ಪದೇ ಪದೇ ಕೆಟ್ಟು ತೊಂದರೆ ಕೊಟ್ಟಿತು. ಇತರ ಕಡೆಗಳಿಂದಲೂ ದೂರುಗಳು ಬಂದವು. ಪೇಟೆಂಟನ್ನು ಪ್ರಶ್ನಿಸುವವರೊಡನೆ ವ್ಯಾಜ್ಯ ಬೇರೆ. ಹಗಲಿರುಳಿನ ದುಡಿಮೆಯೂ ಚಿಂತೆಯೂ ಸೇರಿ ಅವನ ಆರೋಗ್ಯ ಮುರಿಯಿತು. ಆ ವರ್ಷ ಚಿಕಿತ್ಸಾಲಯವನ್ನು ಸೇರಬೇಕಾಯಿತು. ಕಾರ್ಖಾನೆಯ ಎಂಜಿನಿಯರುಗಳು ತಾಳ್ಮೆಯಿಂದ ದೋಷಗಳನ್ನು ಸರಿಪಡಿಸಿದರು, ಯಂತ್ರ ಉಳಿಯಿತು. ಆದರೆ ಡೀಸೆಲನು ಬಂದ ಹಣವನ್ನು ಭೂವ್ಯವಹಾರಗಳಲ್ಲಿ ತೊಡಗಿಸಿ ಬಹುಪಾಲು ಕಳೆದುಕೊಂಡನು. ಮ್ಯೂನಿಕ್ಕಿನಲ್ಲಿ ಕಟ್ಟಿಸಿದ ಭವ್ಯವಾದ ಮನೆ ಹೊರನೋಟಕ್ಕೆ ಸಿರಿಯನ್ನು ಸಾರುತ್ತಿತ್ತು. ಒಳಗೆ ಸಾಲ ಬೆಳೆಯುತ್ತಿತ್ತು. ಕಾರ್ಮಿಕರು ಒಗ್ಗೂಡಿ ತಮ್ಮ ಉದ್ಯಮಗಳಿಗೆ ತಾವೇ ಒಡೆಯರಾಗಬೇಕೆಂದು ಪ್ರತಿಪಾದಿಸಿ 1903ರಲ್ಲಿ ಅವನು ಬರೆದ ಗ್ರಂಥವನ್ನು ಕೊಂಡವರು ಕೆಲವರೇ.

ಚಿತ್ರದುರ್ಗದ ಜನರಿಗೆ ವಿಶೇಷವಾಗಿ ಪ್ರಿಯವಾಗಬೇಕಾದ ಸಂಗತಿಯೊಂದು ಅವನ ಬಾಳಿನಲ್ಲಿದೆ. 1900ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನಿಗೆ ಪರಮೋಚ್ಚ ಪ್ರಶಸ್ತಿ ದೊರೆಯಿತು. ಅಲ್ಲಿ ಓಟ್ಟೋ ಸಂಸ್ಥೆಯವರು ನಿಲ್ಲಿಸಿದ್ದ ಒಂದು ಸಣ್ಣ ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿತು. ತಮ್ಮ ಆಫ್ರಿಕದ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುವ ಕಡಲೆಕಾಯಿಯಿಂದ ಯಂತ್ರ ನಡೆಸಬಹುದೆ ಎಂಬುದು ಫ್ರೆಂಚ್ ಸರ್ಕಾರದ ಕುತೂಹಲವಾಗಿತ್ತು. ಖನಿಜ ತೈಲಕ್ಕೆಂದು ರಚಿಸಿದ ಆ ಯಂತ್ರ ಯಾವ ಮಾರ್ಪಾಟೂ ಇಲ್ಲದೆ ಓಡಿದ್ದರಿಂದ ನೋಡಿದವರಲ್ಲಿ ಹೆಚ್ಚಿನವರು ಭೇದವನ್ನೇ ಗುರುತಿಸಲಿಲ್ಲ. ಸಸ್ಯಗಳ ಎಣ್ಣೆ ಒಂದು ಕಾಲಕ್ಕೆ ಖನಿಜ ತೈಲದಷ್ಟೇ ಮಹತ್ವ ಪಡೆಯಬಹುದೆಂದು ಡೀಸೆಲನು 1912ರಲ್ಲಿ ಅಭಿಪ್ರಾಯಪಟ್ಟನು. ಕಡಲೆಕಾಯಿಯನ್ನು ಬೆಳೆದು, ಚಳ್ಳಕೆರೆಯ ಗಾಣ ಗಿರಣಿಗಳಲ್ಲಿ ಎಣ್ಣೆ ತೆಗೆದು ಹೆಸರಾದ ಜಿಲ್ಲೆ ನಮ್ಮದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೊಂಗೆಯ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ನಡೆಸಿ ತೋರಿಸಿದ್ದಾರೆ. ಹೊಲದ ಬದುವಿನ ಹೊಂಗೆಮರಕ್ಕೂ ಪ್ಯಾರಿಸಿನ ಆ ಪ್ರಯೋಗಕ್ಕೂ ಹೀಗೊಂದು ನಂಟಿದೆ.

1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಂಬ ಹಡಗು ಡೀಸೆಲ್ ಎಂಜಿನ್ನುಗಳ ಬಲದಿಂದ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿನವರೆಗೆ ಸಾಗರಗಳನ್ನು ದಾಟಿತು. ಯಂತ್ರದ ಯಶಸ್ಸು ಶಿಖರಕ್ಕೇರುತ್ತಿದ್ದಾಗ ಅದರ ಜನಕನ ಬಾಳು ಕಮರಿಯ ಅಂಚಿಗೆ ಬಂದಿತ್ತು. 1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲನು ಲಂಡನ್ನಿನಲ್ಲಿ ನಡೆಯಲಿದ್ದ ಸಭೆಗಾಗಿ ಬೆಲ್ಜಿಯಮ್ಮಿನ ಆಂಟ್ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನೇರಿದನು. ಮಿತ್ರರೊಡನೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸುವಂತೆ ಹೇಳಿ, ಹತ್ತು ಗಂಟೆಯ ಸುಮಾರಿಗೆ ತನ್ನ ಕೊಠಡಿಗೆ ಹೋದನು. ಬೆಳಿಗ್ಗೆ ಕೊಠಡಿ ಬರಿದಾಗಿತ್ತು. ಹಾಸಿಗೆಯಲ್ಲಿ ಮಲಗಿದ ಗುರುತಿಲ್ಲ. ಹಡಗಿನ ಅಟ್ಟಣೆಯ ಮೇಲೆ ಅವನ ಟೋಪಿಯೂ ಮಡಿಸಿದ ಮೇಲಂಗಿಯೂ ದೊರೆತವು. ಹಲವು ದಿನಗಳ ಬಳಿಕ ಡಚ್ ಹಡಗಿನವರಿಗೆ ಸಮುದ್ರದಲ್ಲಿ ಒಂದು ಶವ ಕಂಡಿತು. ಅದರ ಮೇಲಿದ್ದ ಸಣ್ಣಪುಟ್ಟ ವಸ್ತುಗಳನ್ನು ಅವನ ಮಗ ತಂದೆಯವೆಂದು ಗುರುತಿಸಿದನು. ಅಂದು ನಡೆದುದೇನೆಂಬುದು ಇಂದಿಗೂ ನಿಶ್ಚಿತವಾಗಿ ನಿರ್ಣಯವಾಗಿಲ್ಲ. ಸಾಲದ ಭಾರವನ್ನು ಯಾರೊಡನೆಯೂ ಹೇಳಿಕೊಳ್ಳದೆ ಒಬ್ಬನೇ ಹೊತ್ತಿದ್ದನೆಂಬುದು ಮಾತ್ರ ಅವನ ಮರಣಾನಂತರ ಬಯಲಾಯಿತು. ಆಗ ಅವನಿಗೆ 55 ವರ್ಷ.

ಡೀಸೆಲನ ಯಂತ್ರವು ಮೊದಲು ಕಾರ್ಖಾನೆಗಳಿಗೂ ಹಡಗುಗಳಿಗೂ ಮೀಸಲಾಗಿತ್ತು. ವಾಹನಕ್ಕೆ ಹೊಂದುವಷ್ಟು ಹಗುರವಾಗಿರಲಿಲ್ಲ. ಜರ್ಮನಿಯ ಪ್ರಾಸ್ಪರ್ ಲೋರಾಂಜನು ಇಂಧನ ಉರಿಯಲು ಪುಟ್ಟ ಪೂರ್ವಕೋಣೆಯೊಂದನ್ನು ಕಲ್ಪಿಸಿದನು. 1927ರಲ್ಲಿ ಬಾಷ್ ಸಂಸ್ಥೆಯ ಇಂಧನ ಪಂಪು ತಯಾರಾಗಿ, ಡೀಸೆಲನು ಕೈಬಿಟ್ಟಿದ್ದ ನೇರ ಇಂಧನ ಪೂರೈಕೆ ಸುಲಭಸಾಧ್ಯವಾಯಿತು. 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಡೀಸೆಲ್ ಕಾರು ಮಾರುಕಟ್ಟೆಗೆ ಬಂದಿತು. ನಮ್ಮ ದೇಶದಲ್ಲಿ 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸಂಸ್ಥೆಯ ಯಂತ್ರಗಳು ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಬಾವಿಯ ನೀರನ್ನು ಹೊಲಕ್ಕೆ ಹಾಯಿಸಿದವು. ಸಣ್ಣವರ ಮನೆಬಾಗಿಲಿಗೆ ಶಕ್ತಿಯನ್ನು ಮುಟ್ಟಿಸಬೇಕೆಂಬ ಡೀಸೆಲನ ಕನಸು ಅವನು ಕಾಣದ ದೇಶದ ರೈತನ ಬಾವಿಯ ಕಟ್ಟೆಯ ಮೇಲೆ ಅಷ್ಟರಮಟ್ಟಿಗಾದರೂ ನನಸಾಯಿತೆನ್ನಬಹುದು.

ಆದರೆ ಎಲ್ಲ ದೊಡ್ಡ ಆವಿಷ್ಕಾರಗಳಂತೆ ಇದಕ್ಕೂ ಎರಡು ಮುಖಗಳಿವೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಘೋಷಿಸಿತು. ಹೊಗೆಯನ್ನು ಕಡಿಮೆ ಮಾಡುವ ಬಿಗಿಯಾದ ನಿಯಮಗಳು ಭಾರತದಲ್ಲಿ 2020ರ ಏಪ್ರಿಲಿನಿಂದ ಜಾರಿಗೆ ಬಂದವು. ಚಿತ್ರದುರ್ಗದ ಬೆಟ್ಟಗಳ ನೆತ್ತಿಯ ಮೇಲೆ ಇಂದು ಗಾಳಿಯಂತ್ರಗಳ ರೆಕ್ಕೆಗಳು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತಿವೆ. ಅವುಗಳ ಕೆಳಗಿನ ಹೆದ್ದಾರಿಯಲ್ಲಿ ಲಾರಿಗಳ ಸಾಲು ಡೀಸೆಲನ್ನು ಉರಿಸುತ್ತ ಸಾಗುತ್ತಿದೆ. ಇಂಧನವನ್ನು ದುಂದು ಮಾಡದೆ ಹೆಚ್ಚು ಕೆಲಸ ಪಡೆಯಬೇಕೆಂದು ಹೊರಟವನ ಯಂತ್ರ ಕೋಟಿಗಟ್ಟಲೆಯಾಗಿ ಹರಡಿದಾಗ ಗಾಳಿಯನ್ನೇ ಕೆಡಿಸುವಂತಾದುದು ವಿಪರ್ಯಾಸ. ಈ ಸಮಸ್ಯೆಯನ್ನು ಬಿಡಿಸುವ ಹೊಣೆ ಹೊಸ ತಲೆಮಾರಿನದು.

ಆ ಹೊಣೆಯನ್ನು ಹೊರುವವರಿಗೆ ಡೀಸೆಲನ ಬಾಳು ಎರಡು ಪಾಠಗಳನ್ನು ಕಲಿಸುತ್ತದೆ. ಸೋಲು ಬಂದಾಗ ಅದಕ್ಕೆ ಅಂಜದೆ, ಅದರ ಕಾರಣವನ್ನು ಸಾವಧಾನದಿಂದ ಹುಡುಕಬೇಕೆಂಬುದು ಮೊದಲನೆಯದು. ಯಂತ್ರದ ಒಂದೊಂದು ದೋಷವನ್ನೂ ದಿನಚರಿಯಲ್ಲಿ ಬರೆದು, ಜೊತೆಗಾರರೊಡನೆ ಚರ್ಚಿಸಿ, ಪರಿಹರಿಸಿದ ಆ ಮೇಧಾವಿ ತನ್ನ ಬಾಳಿನ ಕಷ್ಟವನ್ನು ಮಾತ್ರ ಯಾರಿಗೂ ತಿಳಿಸದೆ ಮುಚ್ಚಿಟ್ಟನು. ಯಂತ್ರಕ್ಕೆ ತೋರಿದ ಆ ನಿಷ್ಕಪಟವಾದ ಪರೀಕ್ಷೆಯನ್ನು ತನ್ನ ಬದುಕಿಗೂ ತೋರಿ, ಆಪ್ತರ ನೆರವನ್ನು ಕೇಳಿದ್ದರೆ ಇನ್ನಷ್ಟು ಕಾಲ ಅವನ ಬುದ್ಧಿಯ ಫಲ ಲೋಕಕ್ಕೆ ದೊರೆಯುತ್ತಿತ್ತೋ ಏನೋ. ಕಷ್ಟವನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ಅದು ಪರಿಹಾರದ ಮೊದಲ ಮೆಟ್ಟಿಲು. ಇದು ಎರಡನೆಯ ಪಾಠ.